ಸೂಕ್ಷ್ಮಜೀವಿ ಚಾಪೆಗೆ ಗಾಜಿನ ಆಕ್ಸಿಜನ್ ಸೆನ್ಸರ್: ಯಾವ ತುದಿ ಕೊಳ್ಳಬೇಕು?

ಮೆಕ್ಸಿಕೋದ ಗೆರೆರೋ ನೆಗ್ರೋ ಉಪ್ಪುಕೊಳಗಳಲ್ಲಿ ಬೆಳೆಯುವಂಥ, ಸೂಕ್ಷ್ಮಜೀವಿಗಳೇ ಪದರ ಪದರವಾಗಿ ಹೆಣೆದ ಚಾಪೆಗೆ ಕ್ಲಾರ್ಕ್ ಮಾದರಿಯ (ಆಕ್ಸಿಜನ್ ಪ್ರಮಾಣವನ್ನು ವಿದ್ಯುತ್ ಪ್ರವಾಹವಾಗಿ ಅಳೆಯುವ) ಮೈಕ್ರೋಸೆನ್ಸರ್ ಕೊಟ್ಟ ದುಡ್ಡಿಗೆ ಮೋಸವಿಲ್ಲ. ತುದಿಯನ್ನು ಪ್ರತಿ ಸಲ 100 ಮೈಕ್ರಾನ್‌ನಷ್ಟೇ (ಮಿಲಿಮೀಟರಿನ ಹತ್ತನೇ ಒಂದು ಭಾಗ) ಇಳಿಸುತ್ತ ಹೋಗಿ: ಹಗಲಲ್ಲಿ ದ್ಯುತಿಸಂಶ್ಲೇಷಣೆ ಮಾಡುವ ಸೈನೋಬ್ಯಾಕ್ಟೀರಿಯಾದ ಹಸಿರು ಪದರದಲ್ಲಿ ಆಕ್ಸಿಜನ್ ಮೇಲಿನ ನೀರಿನಲ್ಲಿರುವುದರ ಹಲವು ಪಟ್ಟು ಏರಿ, ಕೆಲವೇ ಮಿಲಿಮೀಟರ್ ಕೆಳಗೆ ಸೊನ್ನೆಗೆ ಬೀಳುತ್ತದೆ. ಇದಕ್ಕೆ 50 ಮೈಕ್ರಾನ್ ದಪ್ಪದ ತುದಿ ಸಾಕು. ದ್ಯುತಿಸಂಶ್ಲೇಷಣೆಯ ದರ ಬೇಕಿದ್ದರೆ 10 ಮೈಕ್ರಾನಿನದೇ ತಗೊಳ್ಳಿ. ದೀಪ ಆರಿಸಿದ ಮೊದಲ ಒಂದೆರಡು ಸೆಕೆಂಡಿನಲ್ಲಿ ಆಕ್ಸಿಜನ್ ಇಳಿಯುವ ವೇಗವೇ ಆ ದರದ ಲೆಕ್ಕ, ದಪ್ಪ ತುದಿ ಅಷ್ಟು ಚುರುಕಲ್ಲ. ಆದರೆ ಜಿಪ್ಸಮ್ ಹರಳು ತಾಗಿದರೆ ಈ ಸಣ್ಣ ತುದಿ ಚೂರು!

ಕ್ಯಾಲಿಬ್ರೇಷನ್ (ಗೊತ್ತಿರುವ ಪ್ರಮಾಣಕ್ಕೆ ಸೆನ್ಸರ್ ಸರಿಹೊಂದಿಸುವುದು) ಸಿಹಿನೀರಿನಲ್ಲಿ ಬೇಡವೇ ಬೇಡ. ಉಪ್ಪು ಹೆಚ್ಚಿದಷ್ಟೂ ಆಕ್ಸಿಜನ್ ಕರಗುವುದು ಕಡಿಮೆ, ಹಾಗಾಗಿ ಕೊಳದ ನೀರನ್ನೇ ಅದೇ ತಾಪಮಾನದಲ್ಲಿ ಗಾಳಿಯಾಡಿಸಿ ಬಳಸಿ. ಆಕ್ಸಿಜನ್ ಇಲ್ಲದ ಸೊನ್ನೆ ಬಿಂದುವಿಗೆ 0.1 ಮೋಲಾರ್ ಸೋಡಿಯಂ ಆಸ್ಕಾರ್ಬೇಟ್, ಅಷ್ಟೇ ಸಾಂದ್ರತೆಯ ಸೋಡಿಯಂ ಹೈಡ್ರಾಕ್ಸೈಡ್ ಎರಡೂ ಇರುವ ದ್ರಾವಣ. ಯಾವ ಪದರದಲ್ಲಿ ಯಾವ ಜೀವಿ ಎಂಬುದನ್ನು ಸೆನ್ಸರ್ ಹೇಳದು. ಅದಕ್ಕೆ ಪದರ ಪದರವಾಗಿ ಕೊಯ್ದು 16ಎಸ್ (ಬ್ಯಾಕ್ಟೀರಿಯಾ ಗುರುತಿಸುವ ಜೀನ್) ಪರೀಕ್ಷೆ ಮಾಡಿಸಬೇಕು.