ಬಳ್ಳಾರಿಯವರೇ, ಹಸಿರು ಬಣ್ಣ ನೋಡಿ ಅದನ್ನು ಕೂಲಂಟ್ ಎಂದು ನಂಬಬೇಡಿ

ಬಳ್ಳಾರಿ, ಹೊಸಪೇಟೆ, ಕೊಪ್ಪಳ, ರಾಯಚೂರು ಕಡೆಯಿಂದ ಡಿಸೆಂಬರ್, ಜನವರಿಯಲ್ಲಿ ಸ್ವಂತ ಕಾರಿನಲ್ಲಿ ಮನಾಲಿ, ಕಾಶ್ಮೀರದ ಕಡೆಗೆ ಹೊರಡಬೇಕೆಂದಿರುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಕಳೆದ ಡಿಸೆಂಬರಿನಲ್ಲಿ ನನಗಾದ ಮೋಸವನ್ನು ಬರೆಯುತ್ತಿದ್ದೇನೆ. ಬರೆಯಲು ನಾಚಿಕೆಯಾಗುತ್ತದೆ, ಏಕೆಂದರೆ ಹದಿನೈದು ವರ್ಷದಿಂದ ಕಾರು ಓಡಿಸುತ್ತಿರುವ ನಾನು ಒಂದು ಸರಳ ವಿಷಯವನ್ನು ಪರೀಕ್ಷಿಸಲಿಲ್ಲ. ಆದರೆ ನಾನು ಸುಮ್ಮನಿದ್ದರೆ ಅದೇ ಗ್ಯಾರೇಜಿನಲ್ಲಿ ಇನ್ನೊಂದು ಕುಟುಂಬದ ಕಾರಿಗೂ ಕೂಲಂಟ್ (ಎಂಜಿನ್ನಿನ ಬಿಸಿ ಇಳಿಸುವ, ಚಳಿಯಲ್ಲಿ ಹೆಪ್ಪುಗಟ್ಟದ ದ್ರವ) ಎಂದು ಹೇಳಿ ಬಣ್ಣದ ನೀರು ತುಂಬುತ್ತಾರೆ.

ನಮ್ಮದು ಡೀಸೆಲ್ ಕಾರು. ತಾಯಿ, ಹೆಂಡತಿ, ಇಬ್ಬರು ಮಕ್ಕಳೊಂದಿಗೆ ವಿಜಯಪುರ, ಸೊಲ್ಲಾಪುರ, ಇಂದೋರ್ ಮಾರ್ಗವಾಗಿ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಮನಾಲಿಗೆ ಹೋಗುವುದಿತ್ತು. ಆದ್ದರಿಂದ ಹೊರಡುವ ಒಂದು ವಾರ ಮೊದಲೇ ಪರಿಚಯದ ಗ್ಯಾರೇಜಿಗೆ ಗಾಡಿ ಬಿಟ್ಟು, ಹಿಮ ಬೀಳುವ ಜಾಗಕ್ಕೆ ಹೋಗುತ್ತಿದ್ದೇವೆ, ಅದಕ್ಕೆ ಬೇಕಾದದ್ದನ್ನೆಲ್ಲ ಮಾಡಿಕೊಡಿ ಎಂದು ಸ್ಪಷ್ಟವಾಗಿ ಹೇಳಿದೆ. "ಎಲ್ಲಾ ನಾನು ನೋಡ್ಕೋತೀನಿ ಸರ್, ನೀವು ಆರಾಮಾಗಿ ಹೋಗಿ ಬರ್ರಿ" ಎಂದರು ಮಾಲೀಕರು. ಒಟ್ಟು 11,400 ರೂಪಾಯಿ ತೆಗೆದುಕೊಂಡರು. ಅದರಲ್ಲಿ ರೇಡಿಯೇಟರ್ ತೊಳೆದು ನಾಲ್ಕು ಲೀಟರ್ ಕೂಲಂಟ್ ಹಾಕಿದ್ದಕ್ಕೆ 3,600 ರೂಪಾಯಿ, ಡೀಸೆಲ್ ಗಟ್ಟಿಯಾಗದಂತೆ ಟ್ಯಾಂಕಿಗೆ ಹಾಕುವ ಔಷಧಕ್ಕೆ 1,200 ರೂಪಾಯಿ, ಬ್ಯಾಟರಿ ಪರೀಕ್ಷೆಗೆ 300 ರೂಪಾಯಿ ಎಂದು ಬರೆದಿದ್ದರು. ಎಂಜಿನ್ ಆಯಿಲ್ ಡಬ್ಬಿಯನ್ನು ಮಾತ್ರ ನನ್ನ ಎದುರಿಗೇ ಒಡೆದು ಹಾಕಿದರು, ಅದನ್ನು ನಾನು ಸುಳ್ಳು ಎನ್ನುವುದಿಲ್ಲ.

ಗಾಡಿ ತರಲು ಹೋದ ಸಂಜೆ ನಡೆದದ್ದನ್ನು ನಾನು ಮರೆಯಲಾರೆ. ಮಾಲೀಕರು ಬಾನೆಟ್ ಎತ್ತಿ, ಮೊಬೈಲಿನ ಬೆಳಕನ್ನು ಬಿಳಿಯ ಕೂಲಂಟ್ ಟ್ಯಾಂಕಿನ ಮೇಲೆ ಹಿಡಿದು, "ನೋಡ್ರಿ ಸರ್, ಹೆಂಗ ಹಸಿರು ಹೊಳೀತದ" ಎಂದರು. ಎರಡು ಗೆರೆಗಳ ನಡುವೆ ಹಸಿರು ದ್ರವ ಸರಿಯಾಗಿ ನಿಂತಿತ್ತು. ನಾನು ತೃಪ್ತನಾಗಿ ಅದರ ಫೋಟೊ ತೆಗೆದು ಭಾವಮೈದುನನಿಗೂ ಕಳಿಸಿದೆ. ಆ ಹಸಿರನ್ನು ನೋಡಿಯೇ ನಾನು ಹಣ ಕೊಟ್ಟೆ.

ದಾರಿಯಲ್ಲಿ ಏನೂ ತೊಂದರೆಯಾಗಲಿಲ್ಲ, ಆಗುವ ಕಾರಣವೂ ಇರಲಿಲ್ಲ. ನೀರು ಹೆಪ್ಪುಗಟ್ಟುವುದು ಸೊನ್ನೆ ಡಿಗ್ರಿಯಲ್ಲಿ, ಅಷ್ಟು ಚಳಿ ನಮಗೆ ಸಿಕ್ಕಿದ್ದು ಮನಾಲಿಯಲ್ಲೇ. ಮೊದಲ ದಿನ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ದಾಟಿ ಆಚೆಗಿನ ಹಿಮ ನೋಡಿ ಬಂದೆವು. ನಂತರ ಹಿಮ ಬಿದ್ದಿದ್ದರಿಂದ ಗಾಡಿ ಎರಡು ರಾತ್ರಿ ಹೋಟೆಲಿನ ಬಯಲಿನಲ್ಲೇ ನಿಂತಿತ್ತು. ಉಷ್ಣತೆ ಸೊನ್ನೆಗಿಂತ ಆರು ಡಿಗ್ರಿ ಕೆಳಗೆ ಇಳಿದಿತ್ತೆಂದು ಹೋಟೆಲಿನವರು ಹೇಳಿದರು. ಮೂರನೆಯ ಬೆಳಿಗ್ಗೆ ಗಾಡಿ ಬಹಳ ಕಷ್ಟಪಟ್ಟು ಸ್ಟಾರ್ಟ್ ಆಯಿತು. ಕೆಲವೇ ನಿಮಿಷಗಳಲ್ಲಿ ಬಿಸಿಯ ಮುಳ್ಳು ಕೆಂಪಿಗೆ ಏರಿತು. ಹೊರಗೆ ಅಷ್ಟು ಚಳಿ, ಒಳಗೆ ಎಂಜಿನ್ ಕುದಿಯುತ್ತಿದೆ! ಆಫ್ ಮಾಡಿ ಇಳಿದು ನೋಡಿದರೆ ಕಾರಿನ ಕೆಳಗೆ ಬಿಳಿಯ ಹಿಮದ ಮೇಲೆ ಹಸಿರು ನೀರು ಸೋರುತ್ತಿತ್ತು.

ಅಲ್ಲಿಯ ಮೆಕ್ಯಾನಿಕ್ ಒಂದು ಸಣ್ಣ ದುರ್ಬೀನಿನಂಥ ಉಪಕರಣದ ಗಾಜಿನ ಮೇಲೆ ಆ ದ್ರವದ ಒಂದು ಹನಿ ಬಿಟ್ಟು, ಬೆಳಕಿಗೆ ಹಿಡಿದು ನೋಡಿ, ನನಗೂ ನೋಡಲು ಹೇಳಿದರು. ಗೆರೆ ಹೆಚ್ಚುಕಡಿಮೆ ನೀರಿನ ಗುರುತಿನಲ್ಲೇ ನಿಂತಿತ್ತು. ಇದರಲ್ಲಿ ಬಣ್ಣ ಬಿಟ್ಟರೆ ಬೇರೇನೂ ಇಲ್ಲ, ಇದನ್ನು ಯಾರು ಹಾಕಿದರು ಎಂದು ಅವರು ಹಿಂದಿಯಲ್ಲಿ ಕೇಳಿದಾಗ ನನ್ನ ತಾಯಿ, ಮಕ್ಕಳು ಪಕ್ಕದಲ್ಲೇ ನಿಂತಿದ್ದರು. ಉತ್ತರ ಕೊಡಲಾಗದೆ ನಾನು ತಲೆ ತಗ್ಗಿಸಿದೆ. ನೀರು ಮಂಜುಗಡ್ಡೆಯಾದಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ, ರೇಡಿಯೇಟರ್ ಸೀಳಿದ್ದು ಅದರಿಂದಲೇ. ಎಂಜಿನ್ ಬ್ಲಾಕ್ ಬಿರುಕು ಬಿಡದಿರುವುದು ನಮ್ಮ ಪುಣ್ಯ ಎಂದರು ಅವರು. ಕೂಲಂಟ್ ಮತ್ತು ಶುದ್ಧ ನೀರನ್ನು ಅರ್ಧರ್ಧ ಬೆರೆಸಿದ್ದರೆ ಸೊನ್ನೆಗಿಂತ ಮೂವತ್ತೈದು ಡಿಗ್ರಿ ಕೆಳಗೂ ಅದು ಗಟ್ಟಿಯಾಗುತ್ತಿರಲಿಲ್ಲ, ನಮಗೆ ಇದ್ದದ್ದು ಆರು ಡಿಗ್ರಿ ಅಷ್ಟೆ. ಹೊಸ ರೇಡಿಯೇಟರ್, ಕೆಲಸದ ಕೂಲಿ, ಭಾಗ ಬರುವವರೆಗೆ ಹೋಟೆಲಿನಲ್ಲಿ ಮೂರು ದಿನ ಸೇರಿ ನನಗೆ 26,000 ರೂಪಾಯಿ ಖರ್ಚಾಯಿತು.

ಆ ರಾತ್ರಿ ಹೋಟೆಲಿನಲ್ಲಿ ಕುಳಿತು ನಾನೇ ತೆಗೆದಿದ್ದ ಆ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಬ್ಯಾಟರಿಯ ಪಕ್ಕದಲ್ಲಿ ಖಾಲಿ ಕೂಲಂಟ್ ಡಬ್ಬಿ ಇತ್ತು. ಒಂದೇ ಡಬ್ಬಿ, ಒಂದು ಲೀಟರಿನದು. ನಾಲ್ಕು ಲೀಟರಿಗೆ ಹಣ ಕೊಟ್ಟ ನಾನು ಆ ಒಂದು ಡಬ್ಬಿಯನ್ನು ಫೋಟೊ ತೆಗೆದೂ ನೋಡಿರಲಿಲ್ಲ. ಆ ಡಬ್ಬಿಯಲ್ಲಿದ್ದದ್ದಾದರೂ ನಮ್ಮ ಗಾಡಿಗೆ ಬಿತ್ತೋ ಇಲ್ಲವೋ ಎಂಬ ಅನುಮಾನ ಈಗಲೂ ಇದೆ.

ಮಾಲೀಕರಿಗೆ ಫೋನ್ ಮಾಡಿದಾಗ ಅವರು ಕೊಟ್ಟ ಉತ್ತರಗಳನ್ನು ಓದಿ. ಮೊದಲು, "ಬಳ್ಳಾರಿ ಬಿಡುವಾಗ ಗಾಡಿ ಚೆನ್ನಾಗೇ ಇತ್ತಲ್ಲ ಸರ್" ಎಂದರು. ನಂತರ, "ದಾರ್ಯಾಗ ನೀವೇ ಎಲ್ಲೋ ನೀರು ಹಾಕ್ಸಿರ್ತೀರಿ" ಎಂದರು. ನಾನು ಟ್ಯಾಂಕಿನ ಮುಚ್ಚಳ ಸಹ ಮುಟ್ಟಿಲ್ಲ ಎಂದಾಗ, "ಅಂಥಾ ಚಳಿಯಾಗ ಯಾರ ಗಾಡಿ ಆದ್ರೂ ಹಂಗ ಆಗ್ತದ" ಎಂದರು. ಹಾಗಾದರೆ ಅಲ್ಲಿ ಸಾಲಾಗಿ ನಿಂತಿದ್ದ ಬೇರೆ ಕಾರುಗಳಿಗೆ ಏಕೆ ಆಗಲಿಲ್ಲ? ಅದಕ್ಕೆ ಉತ್ತರವಿಲ್ಲ. ಊರಿಗೆ ಬಂದ ಮೇಲೆ ಅವರು ಬರೆದುಕೊಟ್ಟ ಚೀಟಿ ಹಿಡಿದು ಗ್ಯಾರೇಜಿಗೆ ಹೋದೆ. ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಇದು ಬಿಲ್ ಅಲ್ಲ ಸರ್, ಎಸ್ಟಿಮೇಟ್" ಎಂದರು. ಹುಡುಗರ ಎದುರಿಗೇ ಹಾಗೆ ಅಂದರು. ಹಣ ತೆಗೆದುಕೊಳ್ಳುವಾಗ ಬಿಲ್ ಆಗಿದ್ದ ಕಾಗದ, ಕೇಳಲು ಹೋದಾಗ ಎಸ್ಟಿಮೇಟ್ ಆಯಿತು!

ನಮ್ಮ ಕಡೆ ಈ ಮೋಸ ನಡೆಯುವುದಕ್ಕೆ ಕಾರಣವಿದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಕೂಲಂಟ್ ಎಂದರೆ ಬಿಸಿ ಇಳಿಸುವುದು ಎಂದಷ್ಟೇ ನಮಗೆ ಗೊತ್ತು, ಎಷ್ಟೋ ಗಾಡಿಗಳು ಬೋರಿನ ನೀರಿನಲ್ಲೇ ಓಡುತ್ತವೆ. ಹೆಪ್ಪುಗಟ್ಟುವ ಚಳಿ ಇಲ್ಲಿ ಬರುವುದೇ ಇಲ್ಲವಾದ್ದರಿಂದ ಬಣ್ಣದ ನೀರು ತುಂಬಿದವನು ಊರೊಳಗೆ ಸಿಕ್ಕಿಬೀಳುವುದಿಲ್ಲ. ಆ 1,200 ರೂಪಾಯಿಯ ಔಷಧವೂ ಇಂಥದ್ದೇ. ಬಳ್ಳಾರಿಯಲ್ಲಿ ತುಂಬಿಸಿದ ಡೀಸೆಲ್ ಮಧ್ಯಪ್ರದೇಶ ಮುಟ್ಟುವಷ್ಟರಲ್ಲಿ ಮುಗಿದುಹೋಗಿತ್ತು. ಚಳಿಯಲ್ಲಿ ಡೀಸೆಲ್ಲಿನ ಮೇಣ ಗಟ್ಟಿಯಾಗುವುದು ನಿಜ, ಆದರೆ ಔಷಧ ಹಾಕುವುದಿದ್ದರೆ ಬೆಟ್ಟ ಹತ್ತುವ ಮೊದಲು ತುಂಬಿಸುವ ಡೀಸೆಲ್ಲಿಗೆ ಹಾಕಬೇಕು. ಬ್ಯಾಟರಿಯ ಪರೀಕ್ಷೆಯನ್ನು ಮಾಡಿದರೋ ಇಲ್ಲವೋ ಹೇಳಲಾರೆ, ಯಾವ ಅಂಕಿಯನ್ನೂ ಬರೆದುಕೊಟ್ಟಿರಲಿಲ್ಲ.

ಆದ್ದರಿಂದ ಸೀಲ್ ಇರುವ ಕೂಲಂಟ್ ಡಬ್ಬಿಯನ್ನು ನೀವೇ ಕೊಂಡು ಹೋಗಿ, ಎದುರಿಗೆ ನಿಂತು ಹಾಕಿಸಿ, ಖಾಲಿ ಡಬ್ಬಿಗಳನ್ನು ಎಣಿಸಿ ತನ್ನಿ. ಜಿಎಸ್‌ಟಿ ಸಂಖ್ಯೆ ಇರುವ ಪಕ್ಕಾ ಬಿಲ್ ಕೊಡದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮೋಸ ಹೋಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಕೊಡಬಹುದು, ಇಂಥ ಸಣ್ಣ ಮೊತ್ತಕ್ಕೆ ಶುಲ್ಕವಿಲ್ಲ. ನಾನೂ ಕೊಡುತ್ತಿದ್ದೇನೆ.

ಇನ್ನೊಂದು ಪರೀಕ್ಷೆಯನ್ನು ಹೊರಡುವ ಮೊದಲು ಮನೆಯಲ್ಲೇ ಮಾಡಿಕೊಳ್ಳಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ಕೂಲಂಟ್ ಟ್ಯಾಂಕಿನಿಂದ ಸ್ವಲ್ಪ ದ್ರವವನ್ನು ಬಿಸಾಡುವಂಥ ಪ್ಲಾಸ್ಟಿಕ್ ಬಾಟಲಿಯಲ್ಲಿ ಅರ್ಧದವರೆಗೆ ತೆಗೆದುಕೊಂಡು, ಬಿಗಿಯಾಗಿ ಮುಚ್ಚಿ, ಒಂದು ರಾತ್ರಿ ಫ್ರಿಜ್ಜಿನ ಫ್ರೀಜರಿನಲ್ಲಿಡಿ. ಅದು ವಿಷ, ಮಕ್ಕಳ ಕೈಗೆ ಸಿಗಬಾರದು. ಸರಿಯಾಗಿ ಬೆರೆಸಿದ ಕೂಲಂಟ್ ಅಲ್ಲಿ ಗಟ್ಟಿಯಾಗುವುದಿಲ್ಲ. ಮನಾಲಿಯ ಮೆಕ್ಯಾನಿಕ್ ಹಿಡಿದುಕೊಟ್ಟಿದ್ದ ಹಳೆಯ ದ್ರವವನ್ನು ನಾನು ಹಾಗೆ ಇಟ್ಟಾಗ ಬೆಳಗಾಗುವಷ್ಟರಲ್ಲಿ ಅದು ಹಸಿರು ಕಲ್ಲಿನಂತಾಗಿತ್ತು. ಅದರ ಫೋಟೊವನ್ನು ಮಾಲೀಕರಿಗೆ ಕಳಿಸಿದ್ದೇನೆ. ನೋಡಿದ್ದಾರೆಂದು ವಾಟ್ಸಾಪಿನಲ್ಲಿ ನೀಲಿ ಗುರುತು ಬಿದ್ದಿದೆ, ಉತ್ತರ ಬಂದಿಲ್ಲ.