ಕಡ್ಡಿ ನೆಡಬೇಕೇ, ಗೂಟಿ ಕಟ್ಟಬೇಕೇ?

ಮೈಸೂರಿನ ನಮ್ಮ ಹಿತ್ತಿಲಿನಲ್ಲಿ ಹಿಪ್ಪುನೇರಳೆ, ಅಂಜೂರ, ದಾಳಿಂಬೆ ಮತ್ತು ಸೀಬೆ ಗಿಡಗಳನ್ನು ಕಡ್ಡಿ ನೆಟ್ಟೂ ಗೂಟಿ ಕಟ್ಟಿಯೂ (ಅಂದರೆ ಕೊಂಬೆ ತಾಯಿಗಿಡದಲ್ಲಿರುವಾಗಲೇ ಅದರಲ್ಲಿ ಬೇರು ಬರಿಸಿ, ಆಮೇಲೆ ಕತ್ತರಿಸಿ ನೆಟ್ಟು) ಬೆಳೆಸಿ ನೋಡಿದ್ದೇನೆ. ಇವೆರಡರಲ್ಲಿ ಯಾವುದು ಮೇಲೆಂಬ ಪ್ರಶ್ನೆಗೆ ಗಿಡದ ಹೆಸರು ಹೇಳದೆ ಉತ್ತರ ಕೊಡಲಾಗದು. ತಾಯಿಗಿಡದ ಗುಣವನ್ನು ಹಾಗೆಯೇ ಉಳಿಸಿಕೊಳ್ಳುವುದರಲ್ಲಿ, ಬೀಜದ ಸಸಿಗಿಂತ ಬೇಗ ಕಾಯಿ ಕಚ್ಚುವುದರಲ್ಲಿ, ತಾಯಿಬೇರು ಇಲ್ಲದಿರುವುದರಲ್ಲಿ ಎರಡೂ ಸಮವೇ; ವ್ಯತ್ಯಾಸವಿರುವುದು ಬೇರೊಡೆಯುವ ಬಗೆಯಲ್ಲಿ.

ಹಿಪ್ಪುನೇರಳೆಗೆ ಗೂಟಿ ಕಟ್ಟುವುದು ವ್ಯರ್ಥ ಶ್ರಮ. ರೇಷ್ಮೆ ಬೆಳೆಗಾರರು ಮೂರು ನಾಲ್ಕು ಕಣ್ಣುಗಳಿರುವ ಕಡ್ಡಿಗಳಿಂದಲೇ ತೋಟ ಎಬ್ಬಿಸುತ್ತಾರೆ. ಅಂಜೂರವೂ ಹೆಚ್ಚುಕಡಿಮೆ ಅಷ್ಟೇ ಸುಲಭ. ಪೆನ್ಸಿಲ್ ದಪ್ಪದ, ಚೆನ್ನಾಗಿ ಬಲಿತ, ಗೇಣುದ್ದದ ಕಡ್ಡಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಹಾಲು ಸೋರುವುದು ನಿಂತ ಮೇಲೆ ಮರಳು ಬೆರೆಸಿದ ಮಣ್ಣಿಗೆ ಊರಿದರೆ ಸಾಕು.

ನಿಜವಾದ ಪೈಪೋಟಿ ಇರುವುದು ದಾಳಿಂಬೆಯಲ್ಲಿ. ತಾಯಿಯಿಂದ ಬೇರ್ಪಟ್ಟ ಕಡ್ಡಿಗೆ ನೀರು ಹೀರುವ ಬೇರಿಲ್ಲ, ಆದರೂ ಒಳಗೆ ಕೂಡಿಟ್ಟ ಪಿಷ್ಟದ ಬಲದಿಂದ ಅದು ಮೊದಲು ಎಲೆಯನ್ನೇ ತೋರಿಸುತ್ತದೆ. ಚಿಗುರಿತೆಂದು ಅದನ್ನು ಬಿಸಿಲಿಗಿಟ್ಟರೆ ನೀರಿನ ಲೆಕ್ಕ ತಪ್ಪಿ ಒಣಗುತ್ತದೆ. ಗೂಟಿಯಲ್ಲಿ ಈ ತೊಡಕಿಲ್ಲ. ಸುಮಾರು 2.5 ಸೆಂ.ಮೀ. ಅಗಲಕ್ಕೆ ಬಳೆಯಂತೆ ತೊಗಟೆ ತೆಗೆದಾಗ ಎಲೆಗಳಿಂದ ಕೆಳಗಿಳಿಯುವ ಸಕ್ಕರೆ ಮತ್ತು ಬೇರೊಡೆಸುವ ಹಾರ್ಮೋನಾದ ಆಕ್ಸಿನ್ ಗಾಯದ ಮೇಲಂಚಿನಲ್ಲಿ ತಡೆದು ನಿಲ್ಲುತ್ತವೆ, ಕಟ್ಟಿಗೆಯ ಮೂಲಕ ಮೇಲೇರುವ ನೀರು ಮಾತ್ರ ಎಂದಿನಂತೆ ಹರಿಯುತ್ತಿರುತ್ತದೆ. ಹೀಗಾಗಿ ಕೊಂಬೆ ಬಾಡದೆಯೇ ಅಲ್ಲಿ ಬೇರು ಒಡೆಯುತ್ತದೆ. ಗಾಯದ ಮೇಲಿನ ಜಾರು ಪದರವನ್ನು ಚಾಕುವಿನಿಂದ ಪೂರ್ತಿ ಕೆರೆಯದಿದ್ದರೆ ತೊಗಟೆ ಮತ್ತೆ ಕೂಡಿಕೊಳ್ಳುತ್ತದೆಂಬುದನ್ನು ನೆನಪಿಡಬೇಕು. ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿಯನ್ನು ಸುತ್ತಲೂ ಇಟ್ಟು, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಿಂದ ಎರಡೂ ತುದಿ ಬಿಗಿದರೆ, ಬೇರು ಬಂದದ್ದು ಹೊರಗಿನಿಂದಲೇ ಕಾಣುತ್ತದೆ. ಕಡ್ಡಿಯಲ್ಲಾದರೋ ಅದನ್ನು ಕಿತ್ತು ನೋಡುವ ಚಪಲವನ್ನು ಅದುಮಿಟ್ಟುಕೊಂಡು ಕಾಯುವುದೇ ಉಳಿದ ದಾರಿ!

ಹಾಗೆಂದು ಗೂಟಿಯೇ ಗೆದ್ದಿತೆನ್ನಲಾರೆ. ಒಂದು ಚಿಕ್ಕ ಗಿಡದ ಮೇಲೆ ಕಟ್ಟಬಹುದಾದ ಗೂಟಿಗಳಿಗೆ ಮಿತಿಯಿದೆ, ಆದರೆ ಸವರಿ ಎಸೆಯುವ ಕೊಂಬೆಗಳಿಂದ ಒಂದು ಕಂತೆ ಕಡ್ಡಿ ದೊರೆಯುತ್ತದೆ. ಬುಡವನ್ನು ಐಬಿಎ ಎಂಬ ಆಕ್ಸಿನ್ ಬಗೆಯ ಹಾರ್ಮೋನು ಇರುವ, ಬೇರೊಡೆಸುವ ಪುಡಿಯಲ್ಲಿ ಅದ್ದಿ ನೆಟ್ಟಾಗ ಬೇರೊಡೆದವುಗಳ ಪಾಲು ಹೆಚ್ಚಾಗಿತ್ತು. ಒಂದೆರಡು ಗಿಡ ಸಾಕೆನ್ನುವವರು ಗೂಟಿ ಕಟ್ಟಲಿ, ಬೇಲಿಯುದ್ದಕ್ಕೂ ಬೇಕೆನ್ನುವವರು ಕಡ್ಡಿ ನೆಡಲಿ. ದುಂಡಾಣು ಅಂಗಮಾರಿ ತಗುಲಿದ ದಾಳಿಂಬೆಯಿಂದ ಎರಡನ್ನೂ ಮಾಡಬಾರದು, ಏಕೆಂದರೆ ರೋಗವೂ ಹೊಸ ಗಿಡದೊಡನೆಯೇ ಬರುತ್ತದೆ.

ಸೀಬೆಯ ಬಲಿತ ಕಡ್ಡಿಗಳು ಮನೆಯ ಅನುಕೂಲಗಳಲ್ಲಿ ಬೇರು ಬಿಡುವುದು ಅಪರೂಪ. ಅದಕ್ಕೆ ಮಳೆಗಾಲದ ಆರಂಭದಲ್ಲಿ ಗೂಟಿ ಕಟ್ಟುವುದೇ ಸರಿ. ಬಿಳಿ ಬೇರುಗಳು ಕಂದು ಬಣ್ಣಕ್ಕೆ ತಿರುಗುತ್ತಿದ್ದಂತೆ ಕಟ್ಟಿನ ಕೆಳಗೆ ಕತ್ತರಿಸಿ, ಅರ್ಧದಷ್ಟು ಎಲೆ ತೆಗೆದು, ಹೊಸ ಚಿಗುರು ಗಟ್ಟಿಯಾಗುವ ತನಕ ಕುಂಡವನ್ನು ನೆರಳಿನಲ್ಲಿಡಬೇಕು.