ಪುಚ್ಚೆ, ಪೂಚ್ಚ, ಕ್ಯಾಟ್: ನಮ್ಮ ಮಕ್ಕಳು ಹೋದ ಮೂರು ಬಾಲವಾಡಿಗಳು

ಮಗಳನ್ನು ಪೇಟೆಯ ಒಂದು ಇಂಗ್ಲಿಷ್ ಮೀಡಿಯಂ ಎಲ್‌ಕೆಜಿಗೆ ಹಾಕಿದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ವ್ಯಾನು ತೋಟದ ಗೇಟಿಗೇ ಬರುತ್ತಿತ್ತು, ಅಷ್ಟೆ. ಐದು ವರ್ಷ ಕಳೆದು ಮಗನ ಸರದಿ ಬಂದಾಗ ಅಡಿಕೆಗೆ ಕೊಳೆರೋಗ ಬಂದಿತ್ತು, ಕೈ ಖಾಲಿ. ಅವನು ಮೂರನೇ ವರ್ಷಕ್ಕೆ ಅಂಗನವಾಡಿಗೆ ಹೋದ, ನಾಲ್ಕೂವರೆಗೆ ಹತ್ತಿರದ ಕನ್ನಡ ಶಾಲೆಯ ಪ್ರಿ-ಪ್ರೈಮರಿಗೆ. ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲದ ಕಡೆ ಮಕ್ಕಳಿರುವವರ ಮುಂದೆ ಇರುವುದೂ ಸುಮಾರಾಗಿ ಈ ಮೂರೇ ದಾರಿ. ಯಾವುದು ಒಳ್ಳೆಯದು ಅಂತ ಕೇಳುವವರು ಜಾಸ್ತಿಯಾದ್ದರಿಂದ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ ಮುಗಿಸುತ್ತೇನೆ. ಎಲ್‌ಕೆಜಿಗೆ ಫೀಸು, ವ್ಯಾನು ಸೇರಿ ತಿಂಗಳಿಗೆ 2,300 ರೂಪಾಯಿ ಹೋಗುತ್ತಿತ್ತು. ಯೂನಿಫಾರ್ಮು, ಟೈ ಬೇರೆ. ಪ್ರಿ-ಪ್ರೈಮರಿಯಲ್ಲಿ ಪಿಟಿಎಗೆ, ಅಂದರೆ ಪೋಷಕರ-ಶಿಕ್ಷಕರ ಸಂಘಕ್ಕೆ, 250. ಅಂಗನವಾಡಿಗೆ ಏನೂ ಇಲ್ಲ.

ನಮ್ಮ ಮನೆಮಾತು ತುಳು, ಓದುವುದು ಕನ್ನಡ. ಮಕ್ಕಳಿಬ್ಬರಿಗೂ ಬೆಕ್ಕು ಅಂದರೆ ಪುಚ್ಚೆ. ಎಲ್‌ಕೆಜಿಯಲ್ಲಿ ಚಿತ್ರ ತೋರಿಸಿದಾಗ ಮಗಳು ಪುಚ್ಚೆ ಅಂದಳಂತೆ. 'ನೋ, ಕ್ಯಾಟ್.' ಅದರಲ್ಲಿ ತಪ್ಪೇನಿಲ್ಲ, ಕಲಿಯಲಿ ಅಂತಲೇ ಕಳಿಸಿದ್ದು. ಆದರೆ ಎರಡು ತಿಂಗಳಲ್ಲಿ ಅವಳು ಶಾಲೆಯಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟಳು. ಮನೆಗೆ ಬಂದು ನಾಲ್ಕು ಗೆರೆ ಪುಸ್ತಕದಲ್ಲಿ ಮೂರು ಪುಟ ಕರ್ಸಿವ್ ಬರೆಯಬೇಕು. ಮೂರೂಮುಕ್ಕಾಲು ವರ್ಷದ ಮಗು! ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಒತ್ತುವಾಗ ನಾಲಿಗೆ ಹೊರಗೆ ಬರುತ್ತಿತ್ತು, ಕಾಗದ ಹರಿಯುತ್ತಿತ್ತು. ನಾನು ಅವಳ ಕೈ ಮೇಲೆ ಕೈ ಇಟ್ಟು ಬರೆಸಿದ್ದೂ ಉಂಟು, ಅದು ನನ್ನ ತಪ್ಪು. ನೆಂಟರು ಬಂದಾಗ 'ಟ್ವಿಂಕಲ್' ಹೇಳಿಸಿ ಹೆಮ್ಮೆಪಟ್ಟದ್ದೂ ನಾನೇ.

ಮಗನೂ ಅಂಗನವಾಡಿಯಲ್ಲಿ ಅದೇ ಚಿತ್ರಕ್ಕೆ ಪುಚ್ಚೆ ಅಂದ. ಟೀಚರ್ ನಕ್ಕು 'ಪೂಚ್ಚ ತನ್ನೆ' ಅಂದರು, ಬೆಕ್ಕೇ ಅಂತ. ತುಳುವಿನ ಪುಚ್ಚೆಗೂ ಮಲಯಾಳದ ಪೂಚ್ಚಕ್ಕೂ ಇರುವ ದೂರ ಎಷ್ಟು? ಅವನಿಗೆ ತಾನು ಹೇಳಿದ್ದು ಸರಿ ಅನ್ನುವುದೊಂದೇ ತಿಳಿದದ್ದು, ಮರುದಿನ ಚಪ್ಪಲಿ ಹಾಕಿಕೊಂಡು ನನಗಿಂತ ಮೊದಲು ಅಂಗಳದಲ್ಲಿದ್ದ. ಆದರೆ ಆ ಟೀಚರಿಗೆ ಕನ್ನಡ ಬರುತ್ತಿರಲಿಲ್ಲ. ಬೆಕ್ಕಿಗೆ ನಡೆದದ್ದು ಕಥೆಗೆ ನಡೆಯುವುದಿಲ್ಲ. ಕಥೆ ಶುರುವಾದ ಕೂಡಲೇ ನಮ್ಮವನು, ಜೊತೆಗೆ ಇನ್ನಿಬ್ಬರು ಎದ್ದು ಕಿಟಕಿ ಹತ್ತಿರ ಹೋಗುತ್ತಿದ್ದರು. ಹೆಲ್ಪರ್ ತುಳುವಿನಲ್ಲಿ ಕರೆದರೆ ವಾಪಸ್.

ಊಟದಲ್ಲಿ ಮಾತ್ರ ಅಂಗನವಾಡಿಗೆ ಎದುರಿಲ್ಲ. ಗಂಜಿ, ಹೆಸರು, ಉಪ್ಪಿಟ್ಟು. 2022ರಲ್ಲಿ ವಾರಕ್ಕೆರಡು ದಿನ ಹಾಲು, ಎರಡು ದಿನ ಮೊಟ್ಟೆ ಕೊಡಲು ಶುರುಮಾಡಿದರು. ಉಪ್ಪಿಟ್ಟು ಸಾಕು, ಬಿರಿಯಾನಿ ಬೇಕು ಅಂತ ಒಬ್ಬ ಪುಟ್ಟ ಹೇಳಿದ ವಿಡಿಯೋ ಓಡಾಡಿತಲ್ಲ, ಅದರ ನಂತರ 2025ರಲ್ಲಿ ಕೇರಳದ ಮೆನುವಿಗೆ ಮೊಟ್ಟೆ ಬಿರಿಯಾನಿಯೂ ಬಂತು. ಮೂರು ವರ್ಷದೊಳಗಿನವರಿಗೆ ಮನೆಗೆ ಕೊಡುವ ಅಮೃತಂ ಪುಡಿ ಹುಟ್ಟಿದ್ದು ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲೇ. ಗೋಧಿ, ಕಡಲೆ, ಸೋಯಾ, ನೆಲಗಡಲೆ ಹುರಿದ ಆ ಪರಿಮಳಕ್ಕೆ ನಾನೇ ಕದ್ದು ತಿಂದಿದ್ದೇನೆ. ಎಲ್‌ಕೆಜಿ ಮಗಳ ಟಿಫಿನ್ ಡಬ್ಬಿಯಲ್ಲಿ ಬಿಸ್ಕೆಟ್ ಇರುತ್ತಿತ್ತು, ಯಾಕೆಂದರೆ ಬೇರೆ ಮಕ್ಕಳೂ ಅದನ್ನೇ ತರುತ್ತಿದ್ದರು.

ಕಲಿಕೆಯ ಸಮಯ ಅಂಗನವಾಡಿಯಲ್ಲಿ ಸೋರಿಹೋಗುವುದನ್ನು ಕಣ್ಣಾರೆ ನೋಡಿದ್ದೇನೆ. ಒಂದು ದಿನ ಹನ್ನೊಂದು ಗಂಟೆಗೆ ಹೋದರೆ ಟೀಚರ್ ತೂಕದ ಯಂತ್ರದ ಮುಂದೆ ಫೋನ್ ಹಿಡಿದು ಪೋಷಣ್ ಟ್ರ್ಯಾಕರ್ ಅನ್ನುವ ಸರ್ಕಾರಿ ಆ್ಯಪಿಗೆ ಲೆಕ್ಕ ತುಂಬುತ್ತಿದ್ದರು, ನೆಟ್‌ವರ್ಕ್ ಇಲ್ಲದೆ ಪುನಃ ಪುನಃ. ಬಾಗಿಲಲ್ಲಿ ಇಬ್ಬರು ಗರ್ಭಿಣಿಯರು. ಒಳಗೆ ಹನ್ನೆರಡು ಮಕ್ಕಳು ಒಂದೇ ಪ್ಲಾಸ್ಟಿಕ್ ಲಾರಿಗೆ ಜಗಳ. ಗಾಂಧಿ ಜಯಂತಿಯ ದಿನ, 1975ರಲ್ಲಿ ಅಂಗನವಾಡಿಗಳನ್ನು ನಡೆಸುವ ಕೇಂದ್ರದ ಯೋಜನೆ ಐಸಿಡಿಎಸ್ ಶುರುವಾದಾಗಿನಿಂದಲೂ ಪೌಷ್ಟಿಕ ಆಹಾರ, ಚುಚ್ಚುಮದ್ದು, ತಪಾಸಣೆ, ತಾಯಂದಿರಿಗೆ ತಿಳುವಳಿಕೆ ಎಲ್ಲದರ ಜೊತೆ ಶಾಲಾಪೂರ್ವ ಶಿಕ್ಷಣವೂ ಒಂದು. ಮಾಡುವವರು ಇಬ್ಬರೇ. 2018ರಲ್ಲಿ ಕೇಂದ್ರ ನಿಗದಿ ಮಾಡಿದ ಗೌರವಧನ ಟೀಚರಿಗೆ 4,500, ಹೆಲ್ಪರಿಗೆ 2,250. ಅದರ ಮೇಲೆ ರಾಜ್ಯ ಸೇರಿಸುತ್ತದೆ. ಇವರಿಗೆ ಗ್ರಾಚ್ಯುಟಿ ಸಿಗಬೇಕು ಅನ್ನಲಿಕ್ಕೆ 2022ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು.

ಪ್ರಿ-ಪ್ರೈಮರಿಗೆ ಬಂದ ಮೇಲೆ ಮಗ ಕನ್ನಡದಲ್ಲಿ ಕಥೆ ಕೇಳಿದ. ಅಲ್ಲಿಯ ಟೀಚರ್ ಪುಚ್ಚೆಯನ್ನು ತಿದ್ದಲಿಲ್ಲ, 'ನಿಮ್ಮ ಪುಚ್ಚೆ ಎಲ್ಲಿ ಮಲಗುತ್ತದೆ?' ಅಂತ ಕೇಳಿದರಂತೆ. ಅವನು ಅಡಿಕೆ ಗೋಣಿಯ ಮೇಲೆ ಅಂದ. ಅಲ್ಲಿಂದ ಮಾತು ಗೋಣಿ, ಅಡಿಕೆ, ಅಜ್ಜ, ಅಜ್ಜನ ಕನ್ನಡಕಕ್ಕೆ ಹೋಯಿತು. ಬೆಕ್ಕು ಅನ್ನುವ ಶಬ್ದ ಯಾವಾಗ ಬಂತೋ ಅವನಿಗೂ ಗೊತ್ತಿಲ್ಲ. ನನಗೆ ಬೇಕಾಗಿದ್ದದ್ದು ಇದು. ಸಮಗ್ರ ಶಿಕ್ಷಾ ಕೇರಳದ 'ವರ್ಣಕೂಡಾರ' ಯೋಜನೆ ಬಂದ ಶಾಲೆಗಳಲ್ಲಿ 10 ಲಕ್ಷ ರೂಪಾಯಿ ಖರ್ಚಿನಲ್ಲಿ 13 ಆಟದ ಮೂಲೆಗಳಿರುತ್ತವೆ. ನಮ್ಮಲ್ಲಿ ಅದಿರಲಿಲ್ಲ, ಮರಳಿನ ಗುಂಡಿ ಮತ್ತು ಒಂದು ಜೋಕಾಲಿ ಮಾತ್ರ. ಕೊರತೆ ಬೇರೆ ಕಡೆ ಇತ್ತು. ಟೀಚರ ಸಂಬಳ ಪಿಟಿಎ ವಂತಿಗೆಯಿಂದ. ನಡು ವರ್ಷದಲ್ಲಿ ಅವರು ಬಟ್ಟೆ ಅಂಗಡಿ ಕೆಲಸಕ್ಕೆ ಹೋದರು, ಅಲ್ಲಿ ಜಾಸ್ತಿ ಸಿಗುತ್ತದೆ ಅಂತ.

ನನ್ನ ತೀರ್ಮಾನ: ಮೂರು ವರ್ಷಕ್ಕೆ ಅಂಗನವಾಡಿ, ನಾಲ್ಕರ ಮೇಲೆ ಕನ್ನಡ ಶಾಲೆಯ ಪ್ರಿ-ಪ್ರೈಮರಿ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಮೂರೂವರೆ ಗಂಟೆಗೆ ಕರೆದುಕೊಂಡು ಬರಲು ಮನೆಯಲ್ಲಿ ಯಾರೂ ಇಲ್ಲದವರು ವ್ಯಾನು ಇರುವ ಕಡೆ ಹಾಕಿದರೆ ನಾನು ದೂರುವುದಿಲ್ಲ. ಬರೆಸುವುದು ಬೇಡ ಅಂತ ಮಾತ್ರ ಮೊದಲೇ ಹೇಳಿ.

ಕಾನೂನು ನೋಡಿದರೆ ನಮ್ಮ ಮಕ್ಕಳು ಎರಡು ಬಾಗಿಲಿನ ಹೊರಗೆ. ಸಂವಿಧಾನದ 2002ರ ತಿದ್ದುಪಡಿ ಶಿಕ್ಷಣವನ್ನು ಹಕ್ಕು ಮಾಡಿದ್ದು 6ರಿಂದ 14 ವರ್ಷದವರಿಗೆ. ಅದಕ್ಕಿಂತ ಚಿಕ್ಕವರ ವಿಷಯದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಸೆಕ್ಷನ್ ಸರ್ಕಾರ ವ್ಯವಸ್ಥೆ 'ಮಾಡಬಹುದು' ಅನ್ನುತ್ತದೆ, ಮಾಡಲೇಬೇಕು ಅನ್ನುವುದಿಲ್ಲ. ಭಾಷೆಯದ್ದು ಇನ್ನೂ ವಿಚಿತ್ರ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸಬೇಕೆನ್ನುವ ಸಂವಿಧಾನದ 350ಎ ವಿಧಿ ಜಾರಿಗೆ ಬಂದದ್ದು 1956ರ ನವೆಂಬರ್ 1ಕ್ಕೆ, ನಾವು ಕೇರಳಕ್ಕೆ ಸೇರಿದ ಅದೇ ದಿನ. ಆದರೆ ಅದು ಹೇಳುವುದು 'ಪ್ರಾಥಮಿಕ ಹಂತ', ಬಾಲವಾಡಿಯ ಹೆಸರಿಲ್ಲ. ಅದರಲ್ಲೇ ಇನ್ನೊಂದು ಮಾತಿದೆ, ನಾನು ಹಿಡಿದುಕೊಂಡದ್ದು ಅದನ್ನು: ಈ ಜವಾಬ್ದಾರಿ ರಾಜ್ಯದ್ದು ಮಾತ್ರವಲ್ಲ, ಪ್ರತಿಯೊಂದು ಸ್ಥಳೀಯ ಆಡಳಿತದ್ದೂ. ಅಂದರೆ ಪಂಚಾಯತಿನದ್ದು.

ಕಳೆದ ಗ್ರಾಮಸಭೆಗೆ ನಾವು ಐದು ಜನ ತಾಯಂದಿರು ಹೋದೆವು. ಕನ್ನಡ ಮಕ್ಕಳಿರುವ ವಾರ್ಡಿನ ಅಂಗನವಾಡಿಗೆ ಕನ್ನಡ ಬಲ್ಲ ಟೀಚರ್ ಬೇಕು, ಪ್ರಿ-ಪ್ರೈಮರಿ ಟೀಚರಿಗೆ ಪಂಚಾಯತಿನ ದುಡ್ಡಿನಿಂದ ಏನಾದರೂ ಕೊಡಿ ಅಂತ ಕನ್ನಡದಲ್ಲೇ ಬರೆದು ಕೊಟ್ಟೆವು. ಮೆಂಬರ್ ಓದಿ, ಮಲಯಾಳದಲ್ಲಿ ಮಿನಿಟ್ಸ್ ಬರೆಸಿದರು. ನಮ್ಮದು ಹದಿನಾಲ್ಕನೇ ವಿಷಯ. ಹದಿಮೂರನೆಯದು ಬೀದಿದೀಪ, ಅದು ಈಗ ಉರಿಯುತ್ತಿದೆ.